ಚೀಟಿ ಬರೆಯುವ ಕೈ



ಹಳ್ಳಿಯ ಉಪಕೇಂದ್ರಗಳಲ್ಲಿ ಇಡೀ ಸೇವಾವಧಿ ಕಳೆದ ತಾಯಿಯೊಬ್ಬರ ನೆನಪಿಗೆ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ನಮ್ಮಲ್ಲಿ ದತ್ತಿಗಳು ಕವಿಗಳ ಹೆಸರಿನಲ್ಲಿವೆ, ಪ್ರಾಧ್ಯಾಪಕರ ಹೆಸರಿನಲ್ಲಿವೆ, ಹೆಸರಾಂತ ಡಾಕ್ಟರುಗಳ ಹೆಸರಿನಲ್ಲಿವೆ. ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಒಬ್ಬರ ಹೆಸರಿನ ದತ್ತಿಯನ್ನು ನಾನು ಕಂಡದ್ದು ಇದೇ ಮೊದಲು. ನಾನೂ ಅದೇ ಕೆಲಸದಿಂದ ಬಂದವಳು. ನಡುವಯಸ್ಸಿನಲ್ಲಿ ಮತ್ತೆ ಓದಿ, ಪಾಠ ಹೇಳುವವಳಾದೆ. ಆದ್ದರಿಂದ ಇವತ್ತು ಪಾಠದ ಜೊತೆಗೆ ಚೂರು ತಪ್ಪೊಪ್ಪಿಗೆಯೂ ಇರುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾವಗಡದ ಕಡೆಯ ಒಂದು ಉಪಕೇಂದ್ರ. ಎರಡು ಕೋಣೆ, ಒಂದರಲ್ಲಿ ಔಷಧದ ಬೀರು, ಇನ್ನೊಂದರಲ್ಲಿ ನಾನು. ಬಸುರಿಯರನ್ನು ನೋಡಲೆಂದು ಇಲಾಖೆ ಕೊಟ್ಟ ಬಿ.ಪಿ. ಮೆಷಿನ್ ನನ್ನ ಬಳಿ ಇತ್ತು. ಸೊಸೆಯ ಜೊತೆ ಬಂದ ಅಜ್ಜಿಯೊಬ್ಬಳು, "ನಂಗೂ ಆ ಪಟ್ಟಿ ಕಟ್ಟಿ ನೋಡಮ್ಮ, ತಲೆ ಧಿಮ್ ಅಂತೈತೆ" ಎಂದಳು. ಕಟ್ಟಿದೆ. ಪಾದರಸ ಇನ್ನೂರರ ಗೆರೆ ದಾಟಿ ಇಳಿಯುವ ಮೊದಲೇ ಕಿವಿಗೆ ಬಡಿತ ಕೇಳಿಸಿತು. ಇನ್ನೊಂದು ತೋಳಿಗೆ ಕಟ್ಟಿದೆ, ಅಲ್ಲೂ ಅಷ್ಟೇ. ಯಾವ ಮಾತ್ರೆ ಬೇಕೆಂದು ನನಗೆ ಗೊತ್ತಿತ್ತು. ಅದು ಹೋಬಳಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತಿತ್ತು ಎಂಬುದೂ ಗೊತ್ತಿತ್ತು. ಆಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಹುದ್ದೆ ಖಾಲಿ. ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂದರೆ ಇಬ್ಬರ ಬಸ್ ಚಾರ್ಜು, ಇಬ್ಬರ ಕೂಲಿ. ಅದೂ ಕಡಲೆಕಾಯಿ ಕೀಳುವ ಕಾಲ.

"ನೀನೇ ಒಂದು ಚೀಟಿ ಬರ್ಕೊಡು ನರ್ಸಮ್ಮ."

"ನಂಗೆ ಬರೆಯೋ ಅಧಿಕಾರ ಇಲ್ಲ ಅಜ್ಜಿ."

"ಸೂಜಿ ಚುಚ್ಚಾಕೆ ಐತೆ, ಬರಿಯಾಕೆ ಇಲ್ವಾ?"

ಎರಡು ತಿಂಗಳ ಮೇಲೆ ಆಕೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಈ ನಡುವೆ ಆಕೆ ಚಿಕಿತ್ಸೆಯಿಲ್ಲದೆ ಏನೂ ಇರಲಿಲ್ಲ. ಸಂತೆಯ ದಿನ ಸೈಕಲ್ಲಿನಲ್ಲಿ ಬರುತ್ತಿದ್ದ, ಊರವರು ಆರ್.ಎಂ.ಪಿ. ಡಾಕ್ಟರು ಎನ್ನುತ್ತಿದ್ದವರು, ಮೂರು ಸಲ ಇಂಜೆಕ್ಷನ್ ಹಾಕಿದ್ದರು. ಅವರು ಯಾವ ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅವರನ್ನು ತಡೆಯಲು ಯಾರೂ ಬರಲಿಲ್ಲ. ನಿಯಮ ತಡೆದದ್ದು ನನ್ನನ್ನು. ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುವುದೇ ಇವತ್ತಿನ ಉಪನ್ಯಾಸ.

ಹೆಸರು ಮತ್ತು ಕೆಲಸ

ನರ್ಸ್ ಪ್ರಾಕ್ಟಿಷನರ್ ಎಂಬ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತ, ಹೊರಗಿನವರಿಗೆ ಅಷ್ಟಾಗಿ ಅಲ್ಲ. ನರ್ಸಿಂಗ್ ಪದವಿ ಮುಗಿಸಿ, ಕೆಲವು ವರ್ಷ ರೋಗಿಗಳ ನಡುವೆ ಕೆಲಸ ಮಾಡಿ, ಆಮೇಲೆ ಸ್ನಾತಕೋತ್ತರ ಮಟ್ಟದಲ್ಲಿ ರೋಗಪರೀಕ್ಷೆ, ಔಷಧಶಾಸ್ತ್ರ, ರೋಗನಿರ್ಣಯ ಕಲಿತವರು ಇವರು. ರೋಗಿಯ ಕಥೆ ಕೇಳಿ, ಮೈ ಮುಟ್ಟಿ ನೋಡಿ, ರಕ್ತ ಪರೀಕ್ಷೆಗೆ ಬರೆದು, ಸಾಮಾನ್ಯ ಕಾಯಿಲೆಯನ್ನು ಗುರುತಿಸಿ, ಗೊತ್ತುಪಡಿಸಿದ ಎಲ್ಲೆಯೊಳಗೆ ಔಷಧ ಕೊಟ್ಟು, ಎಲ್ಲೆ ಮೀರಿದ್ದನ್ನು ಡಾಕ್ಟರಿಗೆ ಕಳಿಸುವುದು ಇವರ ಕೆಲಸ. ಸಾಮಾನ್ಯ ನರ್ಸಿಗೂ ಇವರಿಗೂ ಇರುವ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ತೀರ್ಮಾನ ಇವರದ್ದು, ಅದರ ಹೊಣೆಯೂ ಇವರದ್ದೇ.

1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇಂಥ ಮೊದಲ ಕೋರ್ಸನ್ನು ಶುರುಮಾಡಿದರು. ಫೋರ್ಡ್ ಕೊಲರಾಡೊದ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ದುಡಿದವರು. ಡಾಕ್ಟರು ಸಿಗದ ಊರುಗಳಲ್ಲಿ ಮಕ್ಕಳನ್ನು ನೋಡುವವರು ತಾವೇ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಕದ್ದುಮುಚ್ಚಿ ನಡೆಯುತ್ತಿದ್ದ ಕೆಲಸಕ್ಕೆ ಅವರು ಪಠ್ಯಕ್ರಮ ಕೊಟ್ಟರು. ಅದೇ ವರ್ಷ ಅಮೆರಿಕ ಸರ್ಕಾರ ವೃದ್ಧರಿಗೂ ಬಡವರಿಗೂ ಆರೋಗ್ಯ ವಿಮೆ ತಂದಿತು, ನೋಡುವ ಕೈಗಳು ಸಾಲದಾದವು, ಕೋರ್ಸು ಬೆಳೆಯಿತು. ಇಂದು ಆ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ನರ್ಸ್ ಪ್ರಾಕ್ಟಿಷನರುಗಳಿದ್ದಾರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರು ಡಾಕ್ಟರ ಸಹಿಯ ಹಂಗಿಲ್ಲದೆ ಚಿಕಿತ್ಸೆ ನೀಡಬಹುದು. ಉಳಿದ ರಾಜ್ಯಗಳಲ್ಲಿ ಡಾಕ್ಟರೊಬ್ಬರ ಜೊತೆ ಕರಾರು ಬೇಕು. ಆ ಸಹಿಗೆ ತಿಂಗಳು ತಿಂಗಳು ಶುಲ್ಕ ಕಟ್ಟುವವರೂ ಇದ್ದಾರೆ. ಲೊರೆಟಾ ಫೋರ್ಡ್ 2025ರ ಜನವರಿಯಲ್ಲಿ, ತಮ್ಮ 104ನೇ ವಯಸ್ಸಿನಲ್ಲಿ ತೀರಿಕೊಂಡರು. ತಾವು ನೆಟ್ಟದ್ದು ಹೆಮ್ಮರವಾದದ್ದನ್ನು ಕಣ್ಣಾರೆ ಕಂಡು ಹೋದರು.

ಕುದುರೆ ಚೀಲದ ಪುಸ್ತಕ

ಆದರೆ ನನಗೆ ಹೆಚ್ಚು ಪಾಠ ಕಲಿಸಿದ ಕಥೆ ಕೊಲರಾಡೊಗಿಂತ ನಲವತ್ತು ವರ್ಷ ಹಿಂದಿನದು. ಅದು ನಡೆದದ್ದು ಕೆಂಟಕಿಯ ಬೆಟ್ಟಗಳಲ್ಲಿ.

ಮೇರಿ ಬ್ರೆಕಿನ್‌ರಿಜ್ ಶ್ರೀಮಂತ ಮನೆತನದ ಹೆಣ್ಣುಮಗಳು. ಎರಡು ಮಕ್ಕಳನ್ನು ಹೆತ್ತು ಎರಡನ್ನೂ ಕಳೆದುಕೊಂಡವಳು. ನರ್ಸ್ ಆಗಿದ್ದವಳು ಇಂಗ್ಲೆಂಡಿಗೆ ಹೋಗಿ ಸೂಲಗಿತ್ತಿ ವಿದ್ಯೆಯನ್ನೂ ಕಲಿತಳು. ಸ್ಕಾಟ್ಲೆಂಡಿನ ಬೆಟ್ಟ ಮತ್ತು ದ್ವೀಪಗಳಲ್ಲಿ ಸರ್ಕಾರ ನಡೆಸುತ್ತಿದ್ದ ನರ್ಸುಗಳ ಸೇವೆಯನ್ನು ಸುತ್ತಾಡಿ ನೋಡಿದಳು. 1925ರಲ್ಲಿ ಕೆಂಟಕಿಯ ಲೆಸ್ಲಿ ಕೌಂಟಿಯಲ್ಲಿ ಕೆಲಸ ಶುರು ಮಾಡಿದಳು. ಮುಂದೆ ಅದಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರು ಬಂತು. ಆ ಸೀಮೆಯಲ್ಲಿ ರೈಲಿಲ್ಲ, ವಾಹನ ಹೋಗುವ ರಸ್ತೆಯಿಲ್ಲ, ಹಳ್ಳವೇ ದಾರಿ. ನರ್ಸುಗಳು ಕುದುರೆ ಏರಿದರು. ಸುತ್ತಲಿನ ಸುಮಾರು ಐದು ಮೈಲಿಯನ್ನು ನೋಡಿಕೊಳ್ಳುವಂತೆ ಅವರ ಹೊರಠಾಣೆಗಳು. ಹೆರಿಗೆಗೆ ಕೊಡಲು ಕಾಸಿಲ್ಲದ ಮನೆಯವರು ದುಡಿಮೆಯನ್ನೋ ಬೆಳೆದದ್ದನ್ನೋ ಕೊಡುತ್ತಿದ್ದರು.

ಕುದುರೆಯ ಬೆನ್ನಿನ ಎರಡೂ ಬದಿ ತೂಗುತ್ತಿದ್ದ ಚರ್ಮದ ಚೀಲಗಳನ್ನು ಒಂದು ಕ್ಷಣ ಬಿಚ್ಚಿ ನೋಡೋಣ. ಹೆರಿಗೆಯ ಸಾಮಾನು, ಬಟ್ಟೆ, ಸೋಪು, ಔಷಧದ ಸೀಸೆಗಳು. ಅವುಗಳ ಜೊತೆ ಒಂದು ಚಿಕ್ಕ ಪುಸ್ತಕ. ಪಟ್ಟಣದ ವೈದ್ಯರ ಸಲಹಾ ಮಂಡಳಿ ಕೂತು ಬರೆದುಕೊಟ್ಟ ವಿಧಿಗಳು ಅದರಲ್ಲಿದ್ದವು. ಇಂಥ ಲಕ್ಷಣ ಕಂಡರೆ ಇಂಥ ಔಷಧ ಕೊಡು, ಇಷ್ಟು ಕೊಡು, ಇಂಥದು ಕಂಡರೆ ತಡಮಾಡದೆ ಡಾಕ್ಟರನ್ನು ಕರೆಸು. ಮೈಲಿಗಟ್ಟಲೆ ದೂರದಲ್ಲಿದ್ದ ವೈದ್ಯರು ತಮ್ಮ ಅಧಿಕಾರದ ಒಂದು ಪಾಲನ್ನು ಹಾಳೆಯ ಮೇಲಿಟ್ಟು ಆ ಚೀಲಕ್ಕೆ ಹಾಕಿದ್ದರು. ನಡುರಾತ್ರಿ ಹಳ್ಳ ದಾಟಿ ಬಂದ ನರ್ಸ್ ಒಬ್ಬಂಟಿಯಾಗಿದ್ದರೂ ಅನಾಥೆಯಾಗಿರಲಿಲ್ಲ.

ಫಲವೇನು? ಮೊದಲ ಸಾವಿರ ಹೆರಿಗೆಗಳ ಲೆಕ್ಕವನ್ನು 1930ರ ದಶಕದ ಆರಂಭದಲ್ಲಿ ದೊಡ್ಡದೊಂದು ಜೀವ ವಿಮಾ ಕಂಪನಿಯ ಅಂಕಿಅಂಶ ತಜ್ಞರು ತಪಾಸಣೆ ಮಾಡಿದರು. ಹೆರಿಗೆಯ ನೇರ ಕಾರಣದಿಂದ ಒಬ್ಬ ತಾಯಿಯೂ ಸತ್ತಿರಲಿಲ್ಲ. ಅಮೆರಿಕದ ದೊಡ್ಡ ಪಟ್ಟಣಗಳಿಗೂ ಆಗ ಈ ಮಾತು ಹೇಳುವ ಧೈರ್ಯವಿರಲಿಲ್ಲ.

ನಾನು ಉಪಕೇಂದ್ರದಲ್ಲಿದ್ದಾಗ ನನ್ನ ಚೀಲದಲ್ಲೂ ಪುಸ್ತಕಗಳಿದ್ದವು. ಲಸಿಕೆ ರಿಜಿಸ್ಟರು, ದಂಪತಿ ರಿಜಿಸ್ಟರು, ಜನನ ಮರಣ ರಿಜಿಸ್ಟರು, ದಾಸ್ತಾನು ರಿಜಿಸ್ಟರು. ಬರೆಯುವ ಪುಸ್ತಕಗಳಿಗೆ ಬರವಿರಲಿಲ್ಲ. ಬರೆದುಕೊಡುವ ಪುಸ್ತಕ ಒಂದೂ ಇರಲಿಲ್ಲ. ಕೆಂಟಕಿಯ ನರ್ಸಿಗೂ ನನಗೂ ಕಲಿಕೆಯಲ್ಲಿ ವ್ಯತ್ಯಾಸವಿತ್ತು, ಒಪ್ಪುತ್ತೇನೆ. ಆದರೆ ಅಜ್ಜಿಯ ಬಲಗೈಯನ್ನು ಉಳಿಸಬಹುದಾಗಿದ್ದ ವ್ಯತ್ಯಾಸ ಆ ಒಂದು ಪುಸ್ತಕದ್ದು.

ನಾವು ಬಂದ ದಾರಿ

ನಮ್ಮ ದೇಶದ ಕಥೆಗೆ ಬರೋಣ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿತು. ಆಗ ದೇಶದಲ್ಲಿ 6,300 ಜನರಿಗೆ ಒಬ್ಬ ಡಾಕ್ಟರು, 43,000 ಜನರಿಗೆ ಒಬ್ಬ ನರ್ಸ್. ಸಮಿತಿ ಇಟ್ಟುಕೊಂಡ ಗುರಿ 2,000 ಜನರಿಗೆ ಒಬ್ಬ ಡಾಕ್ಟರು, 500 ಜನರಿಗೆ ಒಬ್ಬ ನರ್ಸ್. ಅಂದರೆ ಡಾಕ್ಟರೊಬ್ಬರಿಗೆ ನಾಲ್ವರು ನರ್ಸುಗಳು. ಭೋರ್ ವರದಿಯನ್ನು ಹೊಗಳುವವರು ಈ ಸಾಲನ್ನು ಅಷ್ಟಾಗಿ ನೆನೆಯುವುದಿಲ್ಲ.

ಅದೇ ವರದಿ ಇನ್ನೊಂದು ತೀರ್ಮಾನ ಮಾಡಿತು. ಆಗಿದ್ದ ಸುಮಾರು 47,500 ನೋಂದಾಯಿತ ವೈದ್ಯರಲ್ಲಿ ಮೂವತ್ತು ಸಾವಿರದಷ್ಟು ಮಂದಿ ಲೈಸೆನ್ಷಿಯೇಟುಗಳು. ಪದವಿಗಿಂತ ಕಡಿಮೆ ಅವಧಿಯ ಕೋರ್ಸು ಮುಗಿಸಿ ಹೆಸರಿನ ಮುಂದೆ ಎಲ್.ಎಂ.ಪಿ. ಎಂದು ಬರೆದುಕೊಳ್ಳುತ್ತಿದ್ದವರು. ಹಳೆಯ ತಲೆಮಾರಿನವರಿಗೆ ಎಲ್.ಎಂ.ಪಿ. ಡಾಕ್ಟರು ನೆನಪಿರಬಹುದು. ಸಮಿತಿಯ ಬಹುಮತ ಆ ಕೋರ್ಸು ನಿಲ್ಲಲಿ, ಎಲ್ಲರೂ ಪದವೀಧರರೇ ಆಗಲಿ ಎಂದಿತು. ಇಷ್ಟು ಜನಕ್ಕೆ ಅಷ್ಟು ಡಾಕ್ಟರುಗಳು ಎಲ್ಲಿಂದ ಬರಬೇಕು ಎಂದು ಕೆಲವು ಸದಸ್ಯರು ಭಿನ್ನಮತ ಬರೆದರು. ಬಹುಮತದ ಆಶಯ ಒಳ್ಳೆಯದೇ: ಹಳ್ಳಿಯವನಿಗೂ ಪೂರ್ಣ ಡಾಕ್ಟರೇ ಸಿಗಲಿ. ಎಲ್.ಎಂ.ಪಿ. ಹೋದರು, ಪೂರ್ಣ ಡಾಕ್ಟರು ಪಟ್ಟಣದಲ್ಲಿ ಉಳಿದರು, ನಡುವಿನ ಜಾಗಕ್ಕೆ ಸೈಕಲ್ಲಿನ ಆರ್.ಎಂ.ಪಿ. ಬಂದರು.

ಎ.ಎನ್.ಎಂ. ಏನಾದಳು? ಮೊದಲು ಆಕೆ ಸೂಲಗಿತ್ತಿ ವಿದ್ಯೆಯಲ್ಲಿ ಪಳಗಿದವಳಾಗಿದ್ದಳು. 1973ರ ಕರ್ತಾರ್ ಸಿಂಗ್ ಸಮಿತಿ ಆಕೆಯನ್ನು ಬಹೂದ್ದೇಶ ಕಾರ್ಯಕರ್ತೆ ಮಾಡಿತು. 1977ರಲ್ಲಿ ತರಬೇತಿಯ ಅವಧಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು. ಕೆಲಸ ಹೆಚ್ಚಿತು, ಕಲಿಕೆ ಕಡಿಮೆಯಾಯಿತು. ಕುಟುಂಬ ಯೋಜನೆಯ ಗುರಿ ಮುಟ್ಟದಿದ್ದರೆ ಮೆಮೊ ಬರುತ್ತಿದ್ದ ಕಾಲವನ್ನು ಇಲ್ಲಿರುವ ನನ್ನ ಓರಗೆಯವರು ಮರೆತಿರಲಾರರು.

ಎ.ಎನ್.ಎಂ.ಗೆ ತಾನಾಗಿ ಔಷಧ ಕೊಡುವ ಅಧಿಕಾರವಿಲ್ಲ ಎಂಬುದಕ್ಕೆ ಅಪವಾದವೊಂದಿದೆ. 2005ರ ಹೊತ್ತಿಗೆ ಕೇಂದ್ರ ಸರ್ಕಾರ, ಹೆರಿಗೆಯ ತುರ್ತಿನಲ್ಲಿ ಕೆಲವು ಔಷಧಗಳನ್ನು ಎ.ಎನ್.ಎಂ. ತಾನೇ ಕೊಡಬಹುದು ಎಂದಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್. ಬಸುರಿಗೆ ನಂಜೇರಿ ಫಿಟ್ಸ್ ಬಂದರೆ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು. ತರಬೇತಿ ಕೊಟ್ಟರು, ವಿಧಿ ಬರೆದರು, ಅನುಮತಿ ನೀಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಮೆಗ್ನೀಷಿಯಂ ಸಲ್ಫೇಟ್ ಕೊಡುವುದು ಬಿ.ಪಿ. ಮಾತ್ರೆ ಕೊಡುವುದಕ್ಕಿಂತ ಎಷ್ಟೋ ಸೂಕ್ಷ್ಮದ ಕೆಲಸ. ಅದನ್ನು ಒಪ್ಪಿಸಬಹುದಾದರೆ ಇದನ್ನೇಕೆ ಒಪ್ಪಿಸಬಾರದು?

ಇಂದಿನ ಉಪಕೇಂದ್ರ

ಬಯಲುಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಲೆಕ್ಕ. 2018ರಿಂದ ಈ ಉಪಕೇಂದ್ರಗಳಿಗೆ ಹೊಸ ಬೋರ್ಡು, ಹೊಸ ಹುದ್ದೆ ಬಂದಿವೆ. ಸಿ.ಎಚ್.ಒ., ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮಲ್ಲಿ ಈ ಹುದ್ದೆಗೆ ಬಂದವರು ಹೆಚ್ಚಾಗಿ ಬಿ.ಎಸ್ಸಿ. ನರ್ಸಿಂಗ್ ಓದಿದ ಯುವಕ ಯುವತಿಯರು. ಆರು ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಮುಗಿಸಿ ಹಳ್ಳಿಗೆ ಹೋದವರು. ಇವರಲ್ಲಿ ಹಲವರು ನನ್ನ ವಿದ್ಯಾರ್ಥಿಗಳು. ಬಿ.ಪಿ., ಶುಗರ್, ಬಾಯಿ ಕ್ಯಾನ್ಸರಿನ ತಪಾಸಣೆ ಇಂದು ಊರೊಳಗೇ ನಡೆಯುತ್ತಿದೆಯೆಂದರೆ ಅದು ಇವರಿಂದ. ಇದನ್ನು ಮೊದಲು ಮೆಚ್ಚಿ ಆಮೇಲೆ ದೂರಬೇಕು.

ದೂರು ಏನೆಂದರೆ, ಚೀಟಿ ಇನ್ನೂ ಅವರ ಕೈಗೆ ಬಂದಿಲ್ಲ. ಬಿ.ಪಿ. ಹೆಚ್ಚಿದೆಯೆಂದು ಅವರೇ ಕಂಡುಹಿಡಿಯುತ್ತಾರೆ. ಮೊದಲ ಔಷಧವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಬರೆಯಬೇಕು. ಆಮೇಲೆ ತಿಂಗಳು ತಿಂಗಳು ಅದೇ ಮಾತ್ರೆಯನ್ನು ಸಿ.ಎಚ್.ಒ. ಕೊಡಬಹುದು. ಡಾಕ್ಟರು ದೂರವಿದ್ದರೆ ಸರ್ಕಾರದ ದೂರಚಿಕಿತ್ಸಾ ಸೇವೆ ಈ-ಸಂಜೀವನಿಯ ಮೂಲಕ ಪರದೆಯ ಮೇಲೆ ಮಾತಾಡಿಸಬಹುದು. ನೆಟ್‌ವರ್ಕ್ ಇರುವ ಊರಿನಲ್ಲಿ ಇದು ದೊಡ್ಡ ಅನುಕೂಲ. ಆದರೆ ಒಂದು ವಿಚಾರ ನೋಡಿ. ಪರದೆಯ ಆಚೆಗಿನ ಡಾಕ್ಟರು ರೋಗಿಯನ್ನು ಮುಟ್ಟುವುದಿಲ್ಲ. ಸಿ.ಎಚ್.ಒ. ಹೇಳಿದ ಅಂಕಿಯನ್ನೇ ನಂಬಿ, ಸಿ.ಎಚ್.ಒ. ವಿವರಿಸಿದ ಲಕ್ಷಣವನ್ನೇ ಕೇಳಿ, ಔಷಧ ಬರೆಯುತ್ತಾರೆ. ಕಣ್ಣು ಅವಳದ್ದು, ಕಿವಿ ಅವಳದ್ದು, ಸಹಿ ಮಾತ್ರ ಬೇರೆಯವರದ್ದು. ಹುದ್ದೆಯೂ ಗುತ್ತಿಗೆಯದ್ದು; ಮೇಲೇರಲು ಏಣಿಯಿಲ್ಲ.

ವಿದೇಶದ ಹೆಸರು ನಮ್ಮಲ್ಲಿ ಎಲ್ಲಿ ಮೊದಲು ಇಳಿಯಿತು ಎಂಬುದೂ ಗಮನಿಸತಕ್ಕದ್ದು. ಭಾರತೀಯ ನರ್ಸಿಂಗ್ ಪರಿಷತ್ತು ನರ್ಸ್ ಪ್ರಾಕ್ಟಿಷನರ್ ಹೆಸರಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ರೂಪಿಸಿದ್ದು ತೀವ್ರನಿಗಾ ಘಟಕಕ್ಕಾಗಿ. ಅದು ಬೇಕಾದದ್ದೇ. ಆದರೆ ಐ.ಸಿ.ಯು. ಇರುವುದು ಪಟ್ಟಣದಲ್ಲಿ, ತಜ್ಞರ ನೆರಳಿನಲ್ಲಿ. ಹಳ್ಳಿಗಾಡಿನಲ್ಲಿ ಹುಟ್ಟಿದ ವಿದ್ಯೆ ನಮ್ಮಲ್ಲಿ ಲಿಫ್ಟು ಇರುವ ಕಟ್ಟಡ ಹುಡುಕಿಕೊಂಡು ಹೋಯಿತು. 2018ರಲ್ಲಿ ಕೇಂದ್ರ ಸರ್ಕಾರ ಹದಿನೆಂಟು ತಿಂಗಳ ಸೂಲಗಿತ್ತಿ ನರ್ಸ್ ಪ್ರಾಕ್ಟಿಷನರ್ ತರಬೇತಿಗೆ ಮಾರ್ಗಸೂಚಿ ಹೊರಡಿಸಿದಾಗ ಈ ವಿದ್ಯೆ ತನ್ನ ತವರಿನ ಕಡೆ ಮುಖ ತಿರುಗಿಸಿತು ಎನ್ನಬಹುದು.

ಕಾನೂನಿನಲ್ಲಿ ಬಾಗಿಲೇ ಇಲ್ಲ ಎನ್ನುವಂತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿಯ ಮಾತಾಡುತ್ತದೆ. ಪ್ರಾಥಮಿಕ ಚಿಕಿತ್ಸೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು ಎನ್ನುತ್ತದೆ. ಆ ಕಲಮನ್ನು ವಿರೋಧಿಸಿ ವೈದ್ಯರ ಸಂಘಟನೆಗಳು ಅದೇ ವರ್ಷ ಮುಷ್ಕರ ಹೂಡಿದವು. ಕಾಯ್ದೆಯ ಪುಸ್ತಕದಲ್ಲಿರುವ ಆ ಸಾಲು ಉಪಕೇಂದ್ರದ ಮೇಜಿನವರೆಗೆ ನಡೆದು ಬರಬೇಕಾಗಿದೆ.

ಎರಡನೇ ದರ್ಜೆಯ ಮಾತು

ಈಗ ಆಕ್ಷೇಪಕ್ಕೆ ಬರುತ್ತೇನೆ. "ಪಟ್ಟಣದವರಿಗೆ ಡಾಕ್ಟರು, ಹಳ್ಳಿಯವರಿಗೆ ನರ್ಸ್. ಇದು ಯಾವ ನ್ಯಾಯ?" ವೈದ್ಯ ಮಿತ್ರರು ಇದನ್ನು ಕೇಳುತ್ತಾರೆ. ಪ್ರಶ್ನೆ ಗಟ್ಟಿಯಾದದ್ದು. ಹಾರಿಕೆಯ ಉತ್ತರ ಸಲ್ಲದು.

ಮೊದಲು ಸಾಕ್ಷ್ಯ. ನ್ಯೂಯಾರ್ಕಿನಲ್ಲಿ 1,316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರನ್ನು ಡಾಕ್ಟರಿಗೆ, ಕೆಲವರನ್ನು ನರ್ಸ್ ಪ್ರಾಕ್ಟಿಷನರಿಗೆ ಒಪ್ಪಿಸಿದರು. ಆರು ತಿಂಗಳ ನಂತರ ಎರಡೂ ಗುಂಪಿನ ಆರೋಗ್ಯ ಒಂದೇ ಸಮ ಇತ್ತು. 2000ದಲ್ಲಿ ಇದು ಪ್ರಕಟವಾಯಿತು. 2018ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 18 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಪ್ರಾಥಮಿಕ ಚಿಕಿತ್ಸೆಯಲ್ಲಿ ತರಬೇತಾದ ನರ್ಸುಗಳ ಫಲಿತಾಂಶ ಡಾಕ್ಟರುಗಳಿಗೆ ಸಮ ಅಥವಾ ತುಸು ಮೇಲು ಇರುವ ಸಂಭವ ಹೆಚ್ಚು ಎಂದಿತು. ಅಲ್ಲಿ ಗುರುತಿಸಿದ ಇನ್ನೊಂದು ಸಂಗತಿ: ನರ್ಸುಗಳು ರೋಗಿಯ ಜೊತೆ ಹೆಚ್ಚು ಹೊತ್ತು ಕಳೆಯುತ್ತಾರೆ.

ಅಮೆರಿಕದ ಮಾತು ಬೇಡವೆನ್ನುವವರಿಗೆ ಛತ್ತೀಸಗಢವಿದೆ. 2001ರಲ್ಲಿ ಆ ಹೊಸ ರಾಜ್ಯ ಮೂರು ವರ್ಷದ ವೈದ್ಯಕೀಯ ಕೋರ್ಸು ಶುರುಮಾಡಿತು. ವಿರೋಧ ಬಂದು ಕೋರ್ಸು ಕೆಲವೇ ವರ್ಷಗಳಲ್ಲಿ ನಿಂತಿತು. ಓದಿ ಮುಗಿಸಿದವರು ಮಾತ್ರ ಗ್ರಾಮೀಣ ವೈದ್ಯಕೀಯ ಸಹಾಯಕರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋದರು. ಸಂಶೋಧಕರು ಹೋಗಿ ಪರೀಕ್ಷಿಸಿದಾಗ, ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಇವರು ಎಂ.ಬಿ.ಬಿ.ಎಸ್. ಡಾಕ್ಟರುಗಳಿಗೆ ಸಮನಾಗಿದ್ದರು. ಇಲ್ಲಿ ನಮ್ಮವರ ಬಗ್ಗೆಯೂ ಒಂದು ಕಹಿ ಸತ್ಯ ಹೇಳಬೇಕು. ಡಾಕ್ಟರಿಲ್ಲವೆಂದು ಯಾವ ಹೆಚ್ಚಿನ ತರಬೇತಿಯೂ ಇಲ್ಲದೆ ಚಿಕಿತ್ಸೆಗೆ ಕೂರಿಸಿದ್ದ ನರ್ಸು, ಫಾರ್ಮಸಿಸ್ಟುಗಳ ಗುಂಪು ಅದೇ ಅಧ್ಯಯನದಲ್ಲಿ ಎಲ್ಲರಿಗಿಂತ ಹಿಂದಿತ್ತು. ಬಿಳಿ ಸೀರೆಯಿಂದ ರೋಗನಿರ್ಣಯ ಬರುವುದಿಲ್ಲ, ಕಲಿಕೆಯಿಂದ ಬರುತ್ತದೆ. ಆದ್ದರಿಂದ ನಾಳೆಯೇ ಎಲ್ಲ ನರ್ಸುಗಳಿಗೂ ಚೀಟಿ ಪುಸ್ತಕ ಹಂಚಿ ಎಂದು ನಾನು ಕೇಳುತ್ತಿಲ್ಲ. ಆರು ತಿಂಗಳ ಕೋರ್ಸಿಗೆ ಆ ಭಾರ ಹೊರಿಸಲೂ ಬಾರದು.

ಇನ್ನು ನ್ಯಾಯದ ಪ್ರಶ್ನೆ. 2011ರ ಜನಗಣತಿಯಂತೆ ಕರ್ನಾಟಕದ ನೂರಕ್ಕೆ ಅರವತ್ತೊಂದು ಜನ ಹಳ್ಳಿಗಳಲ್ಲಿದ್ದಾರೆ. ಅವರಿಗೆ ಕಾಗದದ ಮೇಲೆ ಡಾಕ್ಟರನ್ನು ಕೊಟ್ಟು, ನಿಜದಲ್ಲಿ ಖಾಲಿ ಕುರ್ಚಿ ಕೊಡುವುದು ಸಮಾನತೆಯಲ್ಲ. ಹಾಗೆಂದು ಹಳ್ಳಿಗೆ ಮಾತ್ರ ಅಗ್ಗದ ವ್ಯವಸ್ಥೆ ಮಾಡಿ ಕೈತೊಳೆದುಕೊಳ್ಳುವುದೂ ಸಮಾನತೆಯಲ್ಲ. ನನ್ನ ಅಳತೆಗೋಲು ಸರಳ. ಪಾವಗಡಕ್ಕೆ ಸಾಕಾಗುವ ನರ್ಸ್ ಪ್ರಾಕ್ಟಿಷನರ್ ಬೆಂಗಳೂರಿನ ಜಯನಗರಕ್ಕೂ ಸಾಕಾಗಬೇಕು. ಮಂತ್ರಿಯ ಬಿ.ಪಿ.ಯನ್ನೂ ಆಕೆಯೇ ನೋಡಲಿ. ಪಟ್ಟಣದ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲೂ ಆಕೆಗೆ ಒಂದು ಕೋಣೆ ಇದ್ದ ದಿನ ಎರಡನೇ ದರ್ಜೆಯ ಮಾತು ತಾನಾಗಿ ನಿಲ್ಲುತ್ತದೆ.

ಆಗಬೇಕಾದದ್ದು

ನಾಲ್ಕು ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಪುಸ್ತಕ. ಉಪಕೇಂದ್ರದಲ್ಲಿ ತರಬೇತಾದ ನರ್ಸ್ ಯಾವ ಕಾಯಿಲೆಗೆ ಯಾವ ಔಷಧವನ್ನು ತಾನೇ ಬರೆಯಬಹುದು, ಎಲ್ಲಿ ನಿಲ್ಲಬೇಕು, ಯಾರಿಗೆ ಕಳಿಸಬೇಕು ಎಂಬುದನ್ನು ವೈದ್ಯರೂ ನರ್ಸುಗಳೂ ಒಟ್ಟಿಗೆ ಕೂತು ಬರೆಯಬೇಕು. ಅದಕ್ಕೆ ಕಾನೂನಿನ ಬಲ ಬೇಕು. ವಿಧಿಯಂತೆ ನಡೆದವಳಿಗೆ ತೊಂದರೆ ಬಂದರೆ ಸರ್ಕಾರ ಬೆನ್ನಿಗೆ ನಿಲ್ಲಬೇಕು.

ಎರಡನೆಯದು ಕಲಿಕೆ. ಪ್ರಾಥಮಿಕ ಚಿಕಿತ್ಸೆಗೆಂದೇ ಎರಡು ವರ್ಷದ ಸ್ನಾತಕೋತ್ತರ ಕೋರ್ಸು, ಅದರಲ್ಲಿ ಒಂದು ವರ್ಷವಾದರೂ ತಾಲ್ಲೂಕು ಆಸ್ಪತ್ರೆ ಮತ್ತು ಹಳ್ಳಿಗಳಲ್ಲಿ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಇಲ್ಲಿ ಓದಿದವರು ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ ಹೆಸರು ಮಾಡುತ್ತಾರೆ. ಮನೆಯ ಮಗಳಿಗೆ ಮನೆಯಲ್ಲೇ ಜಾಗ ಮಾಡಿಕೊಡುವುದು ಅಸಾಧ್ಯವೇನಲ್ಲ.

ಮೂರನೆಯದು ಏಣಿ. ಎ.ಎನ್.ಎಂ. ಆಗಿ ಸೇರಿದ ಹಳ್ಳಿಯ ಹುಡುಗಿ, ಸಂಬಳದ ರಜೆಯಲ್ಲಿ ಓದಿ, ಪ್ರಾಕ್ಟಿಷನರ್ ಆಗಿ ಅದೇ ಸೀಮೆಗೆ ಮರಳುವಂತಿರಬೇಕು. 1981ರಿಂದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಮತ್ತು ಸಂಗಡಿಗರು ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎ.ಎನ್.ಎಂ. ತರಬೇತಿ ಕೊಡಿಸಿದರು. ಹೊರಗಿನವಳು ವರ್ಗಾವಣೆಗೆ ಅರ್ಜಿ ಬರೆಯುವ ಜಾಗದಲ್ಲಿ ಒಳಗಿನವಳು ಮನೆ ಕಟ್ಟುತ್ತಾಳೆ. ಕಾಯಂ ಹುದ್ದೆ, ವಾಸಕ್ಕೆ ಯೋಗ್ಯವಾದ ಮನೆ, ರಾತ್ರಿ ಬಾಗಿಲು ತಟ್ಟಿದರೆ ತೆರೆಯುವಷ್ಟು ಸುರಕ್ಷತೆ, ಇವೆಲ್ಲ ಏಣಿಯ ಮೆಟ್ಟಿಲುಗಳೇ.

ನಾಲ್ಕನೆಯದು ಡಾಕ್ಟರ ಜೊತೆ. ಫೋನಿನಲ್ಲಿ ಸಿಗುವ ಡಾಕ್ಟರು, ವಾರಕ್ಕೊಮ್ಮೆ ಬಂದು ನರ್ಸ್ ಬರೆದ ಚೀಟಿಗಳನ್ನು ಆಕೆಯ ಜೊತೆ ಕೂತು ಓದುವ ಡಾಕ್ಟರು. ಕೆಂಟಕಿಯ ಪುಸ್ತಕ ಬರೆದವರು ಡಾಕ್ಟರುಗಳೇ ಎಂಬುದನ್ನು ಮರೆಯಬಾರದು. ಅವರ ಸಹಿ ಹೋದದ್ದು ನರ್ಸಿನ ಚೀಲಕ್ಕೆ. ಅದರಿಂದ ಅವರ ಗೌರವ ಕುಂದಲಿಲ್ಲ.

ಇಲ್ಲಿರುವ ವೈದ್ಯರಲ್ಲಿ, ಜನಪ್ರತಿನಿಧಿಗಳಲ್ಲಿ ನನ್ನದು ಒಂದೇ ಅರಿಕೆ. ಆ ಪುಸ್ತಕ ಬರೆಯಲು ಕೂಡಿ. ಕರೆದರೆ ನಾನೂ ಬರುತ್ತೇನೆ, ನನ್ನ ಹಳೆಯ ರಿಜಿಸ್ಟರುಗಳ ಸಮೇತ. ಅವುಗಳಲ್ಲಿ ಆ ಅಜ್ಜಿಯ ಹೆಸರಿಲ್ಲ. ಆಕೆ ಬಸುರಿಯಲ್ಲ, ಬಾಣಂತಿಯಲ್ಲ, ಗುರಿಯ ಲೆಕ್ಕಕ್ಕೆ ಸೇರಿದವಳಲ್ಲ. ಆಕೆಯ ಬಿ.ಪಿ.ಯನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಕಾಲಮೇ ಅವುಗಳಲ್ಲಿರಲಿಲ್ಲ.